ಕಷ್ಟದ ದಿನಗಳಲ್ಲಿ ಸ್ತೋತ್ರದ ಪ್ರಾರ್ಥನೆ: ಎಲ್ಲಿಂದ ಶುರು ಮಾಡಬೇಕು, ಯಾವುದರ ನಂತರ ಯಾವುದು

ಮನೆಯಲ್ಲಿ ಯಾರೋ ಕಾಯಿಲೆ ಬಿದ್ದಿದ್ದಾರೆ. ಅಥವಾ ಕೆಲಸ ಹೋಗಿದೆ, ಸಾಲ ಕುತ್ತಿಗೆಗೆ ಬಂದಿದೆ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಎಲ್ಲರೂ ಹೇಳುವ ಮಾತು ಒಂದೇ: "ಸ್ತೋತ್ರ ಮಾಡಿ, ನಂಬಿಕೆ ಇಡಿ." ಸ್ತೋತ್ರ ಅಂದರೆ ದೇವರಿಗೆ ಹೇಳುವ ಕೃತಜ್ಞತೆ. ಸರಿ ಅಂತ ಮನೆಗೆ ಬಂದು ಮೊಣಕಾಲೂರುತ್ತೀರಿ. "ಸ್ತೋತ್ರ ಕರ್ತನೇ" ಅನ್ನುತ್ತೀರಿ. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಹೇಳಿದ್ದೂ ಸುಳ್ಳು ಅನ್ನಿಸುತ್ತದೆ. ನಾಲ್ಕು ದಿನ ಹೀಗೇ ಆದ ಮೇಲೆ ಪ್ರಾರ್ಥನೆಯೇ ಬೇಡ ಅನ್ನಿಸುತ್ತದೆ, ಅದರ ಜೊತೆಗೆ "ನನಗೆ ನಂಬಿಕೆ ಇಲ್ಲ" ಅನ್ನುವ ಅಪರಾಧಭಾವ ಬೇರೆ.

ಮನೆ ಪ್ರಾರ್ಥನೆಗೆ, ಆಸ್ಪತ್ರೆ ಭೇಟಿಗೆ ಹೋದಾಗ ನಾನು ಮತ್ತೆ ಮತ್ತೆ ಕೇಳುವ ದೂರು ಇದು. ಇವರಲ್ಲಿ ನಂಬಿಕೆ ಇಲ್ಲದವರು ತೀರಾ ಕಡಿಮೆ. ಅವರು ಎಡವುತ್ತಿರುವುದು ಕ್ರಮದಲ್ಲಿ. ಕೊನೆಯ ಕಡೆ ಬರಬೇಕಾದ ಸ್ತೋತ್ರವನ್ನು ಮೊದಲಿಗೆ ತಂದು ಇಡುತ್ತಾರೆ. ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದರೆ ಸಿಡಿಯುತ್ತದೆಯೇ?

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕಷ್ಟದಲ್ಲಿರುವವರು ಹೇಗೆ ಪ್ರಾರ್ಥಿಸಿದರು ಅಂತ ನೋಡಿ, ಕ್ರಮ ಅಲ್ಲೇ ಇದೆ. ಅದರಲ್ಲಿರುವ ಪ್ರಾರ್ಥನೆಯ ಹಾಡುಗಳೇ ಕೀರ್ತನೆಗಳು. 13ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ. ಮೊದಲ ಎರಡರಲ್ಲಿ "ಇನ್ನೆಷ್ಟು ದಿನ?" ಎಂಬ ಗೋಳು. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ ಮತ್ತು ಹಾಡು. ಪ್ರವಾದಿ ಹಬಕ್ಕೂಕನ ಪುಸ್ತಕವೂ ಅಷ್ಟೇ. ಅಂಜೂರ ಚಿಗುರದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಹರ್ಷಿಸುತ್ತೇನೆ ಎಂಬ ಮಾತು ಎಲ್ಲರಿಗೂ ಗೊತ್ತು. ಅದು ಇರುವುದು ಮೂರನೇ ಅಧ್ಯಾಯದ ಕೊನೆಯಲ್ಲಿ. ಮೊದಲನೇ ಅಧ್ಯಾಯ ಶುರುವಾಗುವುದು ದೂರಿನಿಂದ. ಕೊನೆಯ ಮಾತನ್ನು ಗೋಡೆಗೆ ತೂಗುಹಾಕುತ್ತೇವೆ, ಮೊದಲ ಮಾತನ್ನು ಓದುವುದೇ ಇಲ್ಲ.

ಕೆಳಗಿನ ಹಂತಗಳನ್ನು ಈ ಕ್ರಮದಲ್ಲೇ ಮಾಡಿ. ಉದಾಹರಣೆಗೆ ಒಂದೇ ಸನ್ನಿವೇಶ ಹಿಡಿದುಕೊಂಡಿದ್ದೇನೆ: ಅಪ್ಪನಿಗೆ ಕಿಡ್ನಿ ಕೆಟ್ಟಿದೆ, ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ. ಮಗಳು ಹೊರಗೆ ಕುರ್ಚಿಯಲ್ಲಿ ಕಾಯುತ್ತಾಳೆ. ನಿಮ್ಮ ಕಷ್ಟ ಬೇರೆ ಇರಬಹುದು. ಹಂತಗಳು ಬದಲಾಗುವುದಿಲ್ಲ.

ಶುರು ಮಾಡುವ ಮುನ್ನ ಏನೇನು ಬೇಕು

ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು. ಫೋನಿನಲ್ಲಿ ಬರೆದರೂ ಆಗುತ್ತದೆ, ಆದರೆ ಫೋನ್ ತೆಗೆದ ಕೂಡಲೇ ವಾಟ್ಸಾಪ್ ಕರೆಯುತ್ತದೆ. ಕಾಗದವೇ ಒಳ್ಳೆಯದು.

ಸತ್ಯವೇದ ಬೇಕು, ಅದರಲ್ಲಿ ಕೀರ್ತನೆಗಳು ಮುಖ್ಯ. 13, 27, 42, 77, 88, 103, 130, 136, ಈ ಎಂಟಕ್ಕೆ ಗುರುತು ಹಾಕಿಟ್ಟುಕೊಳ್ಳಿ. ಕಷ್ಟದ ಹೊತ್ತಿನಲ್ಲಿ ಹುಡುಕುವ ತಾಳ್ಮೆ ಇರುವುದಿಲ್ಲ.

ಹದಿನೈದು ನಿಮಿಷ ಸಮಯ. ಅದಕ್ಕಿಂತ ಜಾಸ್ತಿ ಗುರಿ ಇಡಬೇಡಿ. ಎಲ್ಲ ಕೆಲಸ ಮುಗಿದು ಕಣ್ಣು ಮುಚ್ಚುವ ಹೊತ್ತಿಗೆ ಇಟ್ಟುಕೊಂಡರೆ ನಿದ್ದೆ ಬರುತ್ತದೆ, ಇಲ್ಲವೇ ಭಯ ಬರುತ್ತದೆ. ಸಂಜೆ ದೀಪ ಹಾಕುವ ಹೊತ್ತು ಅಥವಾ ಬೆಳಗ್ಗೆ ಮನೆ ಏಳುವ ಮೊದಲು ವಾಸಿ. ಆಸ್ಪತ್ರೆಯಲ್ಲಿ ಕಾಯುವ ಹೊತ್ತೂ ಆಗುತ್ತದೆ.

ಕೊನೆಯದಾಗಿ ಒಬ್ಬ ಮನುಷ್ಯ. ಸಲಹೆ ಕೊಡದೆ ಕೇಳುವ, ಕೇಳಿದ್ದನ್ನು ಊರಿಗೆಲ್ಲ ಹೇಳದ ಒಬ್ಬರು. ಪಾಸ್ಟರ್, ಫಾದರ್, ಸಿಸ್ಟರ್, ಅತ್ತೆ, ಗೆಳತಿ, ಯಾರಾದರೂ ಸರಿ. ಅವರಿಗೆ ಇವತ್ತೇ ಹೇಳಿಡಿ: "ಈ ಕೆಲವು ತಿಂಗಳು ನನಗಾಗಿ ಪ್ರಾರ್ಥಿಸಬೇಕು." ಈ ಒಂದು ಕೆಲಸವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಆಮೇಲೆ ಒಂಟಿಯಾಗಿ ಕುಸಿಯುತ್ತಾರೆ.

ಹಂತ 1: ಮೊದಲು ಊಟ, ನಿದ್ದೆ

ಇದು ಪ್ರಾರ್ಥನೆಯ ಭಾಗವೇ. ಎಲೀಯ ಪ್ರವಾದಿ ಸಾಕಾಗಿ ಗಿಡದ ಕೆಳಗೆ ಕೂತು "ನನ್ನ ಪ್ರಾಣ ತೆಗೆದುಕೋ" ಅಂದಾಗ ದೇವರು ಉಪದೇಶ ಕೊಡಲಿಲ್ಲ. ಮಲಗಲು ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದರು. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದರು. ಮಾತುಕತೆ ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ಬೆಳಗಿನಿಂದ ಬರೀ ಕಾಫಿಯಲ್ಲಿ ಇದ್ದೀರಾ? ಎದ್ದು ಎರಡು ಇಡ್ಲಿ ತಿಂದು ಬನ್ನಿ. ಹೊಟ್ಟೆ ಖಾಲಿ ಇದ್ದು ಮೂರು ರಾತ್ರಿ ನಿದ್ದೆಗೆಟ್ಟವರಿಗೆ ದೇವರು ದೂರ ಇದ್ದಾರೆ ಅನ್ನಿಸುವುದು ಸಹಜ. ಅದನ್ನು ಆತ್ಮಿಕ ಸೋಲು ಅಂತ ಲೆಕ್ಕ ಹಾಕಬೇಡಿ.

ಉಪವಾಸ ಪ್ರಾರ್ಥನೆಯ ಬಗ್ಗೆ ಕೇಳುವವರಿದ್ದಾರೆ. ಉಪವಾಸ ಒಳ್ಳೆಯದೇ. ಆದರೆ ರೋಗಿಯನ್ನು ನೋಡಿಕೊಳ್ಳುತ್ತಿರುವವರು, ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಹೊತ್ತಿನಲ್ಲಿ ಊಟ ಬಿಡಬೇಡಿ. ಟಿವಿ ಬಿಡಿ, ಫೋನ್ ಬಿಡಿ. ಅದೂ ಉಪವಾಸವೇ.

ಹಂತ 2: ಯಾರ ಜೊತೆ ಮಾತಾಡುತ್ತಿದ್ದೀರಿ ಅಂತ ನೆನಪು ಮಾಡಿಕೊಳ್ಳಿ

ಒಂದೇ ವಾಕ್ಯ ಸಾಕು. "ಪರಲೋಕದಲ್ಲಿರುವ ನಮ್ಮ ತಂದೆಯೇ." ಅಥವಾ "ಯೇಸುವೇ, ನಾನು ಬಂದಿದ್ದೇನೆ." ಕಥೋಲಿಕರು ಶಿಲುಬೆಯ ಗುರುತು ಹಾಕಿಕೊಂಡು ಶುರು ಮಾಡಿ.

ಇಲ್ಲಿ ಉದ್ದುದ್ದ ಬಿರುದಾವಳಿ ಬೇಡ. ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾರೆ ಅಂದುಕೊಳ್ಳಬೇಡಿ ಅಂತ ಯೇಸುವೇ ಹೇಳಿದ್ದಾರೆ, ಮತ್ತಾಯ 6ನೇ ಅಧ್ಯಾಯದಲ್ಲಿ. ಸಭೆಯಲ್ಲಿ ಎದ್ದು ನಿಂತು ಪ್ರಾರ್ಥಿಸುವ ದನಿಯನ್ನು ಮನೆಗೆ ತರಬೇಡಿ. ಮನೆಯಲ್ಲಿ ಆಡುವ ಮಾತಲ್ಲೇ ಆಡಿ. ಕೊಂಕಣಿಯೋ ತುಳುವೋ ಕನ್ನಡವೋ, ಅಮ್ಮನ ಹತ್ತಿರ ಅಳುವಾಗ ಯಾವ ಭಾಷೆ ಬರುತ್ತದೋ ಅದೇ ಭಾಷೆ.

ಹಂತ 3: ನೋವನ್ನು ಇದ್ದ ಹಾಗೆ ಹೇಳಿ

ಹೆಚ್ಚಿನವರು ಹಾರಿಸುವ ಹಂತ ಇದು. ಹಾರಿಸಿದರೆ ಮುಂದಿನ ಯಾವುದೂ ನಿಲ್ಲುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. ಏನಾಗಿದೆ, ನನಗೆ ಏನನ್ನಿಸುತ್ತಿದೆ, ದೇವರ ಮೇಲೆ ನನಗಿರುವ ದೂರು ಏನು. ಆಮೇಲೆ ಅದನ್ನು ದೇವರಿಗೆ ಓದಿ ಹೇಳಿ. ಆ ಮಗಳು ಬರೆಯುವುದು ಹೀಗಿರಬಹುದು: "ಅಪ್ಪನ ಕೈಯಲ್ಲಿ ಸೂಜಿ ಚುಚ್ಚಿದ ಗುರುತು ನೋಡಲಾಗುತ್ತಿಲ್ಲ. ನನಗೆ ಸಿಟ್ಟು ಬರುತ್ತಿದೆ, ಅಣ್ಣ ಬರುವುದೇ ಇಲ್ಲ. ಇಷ್ಟು ವರ್ಷ ಭಾನುವಾರ ತಪ್ಪಿಸದ ಮನುಷ್ಯನಿಗೆ ಯಾಕೆ ಹೀಗೆ ಮಾಡಿದಿ?"

ದೇವರಿಗೆ ಹೀಗೆ ಹೇಳಬಹುದಾ ಅಂತ ಹೆದರುತ್ತಾರೆ. ಹೇಳಬಹುದು. 22ನೇ ಕೀರ್ತನೆ "ಯಾಕೆ ನನ್ನ ಕೈಬಿಟ್ಟಿ?" ಎಂದೇ ಶುರುವಾಗುತ್ತದೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು ಅದೇ ಮಾತು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ದೇವರ ಜೊತೆ ಪುಟಗಟ್ಟಲೆ ಜಗಳವಾಡಿದ. ದೇವರನ್ನು ಸಮರ್ಥಿಸಿಕೊಂಡು ಚೆನ್ನಾಗಿ ಮಾತಾಡಿದವರು ಅವನ ಸ್ನೇಹಿತರು. ಪುಸ್ತಕದ ಕೊನೆಯಲ್ಲಿ ದೇವರ ಕೋಪ ಯಾರ ಮೇಲೆ ಬಿತ್ತು? ಸ್ನೇಹಿತರ ಮೇಲೆ. ನನ್ನ ದಾಸನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂದರು.

ಇಲ್ಲಿ ಮೂರು ತಪ್ಪುಗಳು ಸಾಮಾನ್ಯ. ಮೊದಲನೆಯದು, ನೋವನ್ನು ಕಡಿಮೆ ಮಾಡಿ ಹೇಳುವುದು. "ಬೇರೆಯವರಿಗೆ ಇದಕ್ಕಿಂತ ಜಾಸ್ತಿ ಕಷ್ಟ ಇದೆ, ನಂದೇನು" ಅನ್ನುವುದು ವಿನಯದಂತೆ ಕಾಣುತ್ತದೆ. ಆದರೆ ಹೇಳದ ನೋವು ಒಳಗೇ ಉಳಿದು ಪ್ರಾರ್ಥನೆಯನ್ನು ಹುಳಿ ಮಾಡುತ್ತದೆ. ಎರಡನೆಯದು, ಕಾರಣ ಹುಡುಕುತ್ತಾ ಕೂರುವುದು. ಯಾವ ಪಾಪಕ್ಕೆ ಈ ಶಿಕ್ಷೆ ಅಂತ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದರು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂದರು ಯೇಸು. ಮೂರನೆಯದು, ಹೇಳಿದ್ದನ್ನೇ ಗಂಟೆಗಟ್ಟಲೆ ತಿರುವಿ ಹಾಕುವುದು. ಐದು ನಿಮಿಷ ಸಾಕು. ನಾಳೆ ಮತ್ತೆ ಹೇಳಲು ಅವಕಾಶ ಇದ್ದೇ ಇದೆ.

ಅಳು ಬಂದರೆ ಅಳಿ. ಯೇಸು ಗಟ್ಟಿಯಾಗಿ ಕೂಗಿ, ಕಣ್ಣೀರಿಟ್ಟು ಪ್ರಾರ್ಥಿಸಿದರು ಅಂತ ಇಬ್ರಿಯರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ ಹೇಳುತ್ತದೆ. ಗಂಡಸರಿಗೂ ಇದನ್ನು ಹೇಳುತ್ತಿದ್ದೇನೆ.

ಹಂತ 4: ಬೇಕಾದ್ದನ್ನು ನೇರವಾಗಿ ಕೇಳಿ

"ನಿನ್ನ ಚಿತ್ತದಂತೆ ಆಗಲಿ" ಅಂತ ಮೊದಲೇ ಹೇಳಿಬಿಟ್ಟು ಏನೂ ಕೇಳದೆ ಎದ್ದು ಬರುವವರಿದ್ದಾರೆ. ಅದು ಶರಣಾಗತಿ ಅಲ್ಲ. ಕೇಳಿ ಸಿಗದಿದ್ದರೆ ನೋವಾಗುತ್ತದೆ ಅಂತ ಮಾಡುವ ಜಾಗ್ರತೆ, ಅಷ್ಟೇ. ಬಂಧನವಾದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಏನು ಮಾಡಿದರು? "ಅಪ್ಪಾ" ಅಂದರು. ನಿನಗೆ ಎಲ್ಲವೂ ಸಾಧ್ಯ ಅಂದರು. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೆಗೆ ಅಂತ ಕೇಳಿದರು. "ಆದರೂ ನಿನ್ನ ಚಿತ್ತ" ಬಂದದ್ದು ಅದಾದ ಮೇಲೆ.

ಎರಡು ಬೇಡಿಕೆ ಬರೆಯಿರಿ, ಒಂದು ದೊಡ್ಡದು, ಒಂದು ಇವತ್ತಿನದು. ದೊಡ್ಡದು: "ಅಪ್ಪನಿಗೆ ಗುಣವಾಗಲಿ." ಇವತ್ತಿನದು: "ಇವತ್ತು ಡಯಾಲಿಸಿಸ್ ನಡುವೆ ಬಿಪಿ ಇಳಿಯದಿರಲಿ. ಅಣ್ಣನ ಜೊತೆ ಜಗಳವಾಡದೆ ಮಾತಾಡುವಂತಾಗಲಿ." ಇವತ್ತಿನ ಬೇಡಿಕೆ ಬಹಳ ಮುಖ್ಯ, ಯಾಕೆಂದರೆ ಮುಂದಿನ ಹಂತದ ಸ್ತೋತ್ರಕ್ಕೆ ಸಾಮಾನು ಸಿಗುವುದು ಇಲ್ಲಿಂದ. ಬರೀ ದೊಡ್ಡದನ್ನೇ ಕೇಳುವವರು ತಿಂಗಳುಗಟ್ಟಲೆ ಯಾವ ಉತ್ತರವನ್ನೂ ಕಾಣುವುದಿಲ್ಲ. ಅನುದಿನದ ಆಹಾರವನ್ನು ಈ ಹೊತ್ತು ಕೊಡು ಅಂತ ಕಲಿಸಿದ ಪ್ರಾರ್ಥನೆ ನಮ್ಮದು. ಒಂದೊಂದು ದಿನಕ್ಕೆ ಒಂದೊಂದು ದಿನದ ರೊಟ್ಟಿ.

ನಿನ್ನೆ ಕೇಳಿದ್ದನ್ನೇ ಇವತ್ತೂ ಕೇಳಿದರೆ ಅಪನಂಬಿಕೆಯೇ? ಖಂಡಿತ ಅಲ್ಲ. ಯೇಸು ಅದೇ ರಾತ್ರಿ ಮತ್ತೆ ಹೋಗಿ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರು ಅಂತ ಮಾರ್ಕ ಬರೆದಿದ್ದಾನೆ. ಅಪೊಸ್ತಲ ಪೌಲ ತನ್ನನ್ನು ಬಿಡದೆ ಕಾಡಿದ "ಶರೀರದ ಮುಳ್ಳಿನ" ವಿಷಯದಲ್ಲಿ ಮೂರು ಸಲ ಬೇಡಿಕೊಂಡ.

ಚೌಕಾಸಿ ಮಾತ್ರ ಬೇಡ. "ಅಪ್ಪ ಹುಷಾರಾದರೆ ಇಷ್ಟು ಸಾವಿರ ಕಾಣಿಕೆ ಹಾಕುತ್ತೇನೆ" ಅನ್ನುವ ಹರಕೆ ಸಂಕಟದಲ್ಲಿ ಬಾಯಿಗೆ ಬಂದುಬಿಡುತ್ತದೆ. ಆಗ ತಂದೆಯ ಜೊತೆಗಿನ ಮಾತು ವ್ಯಾಪಾರಿಯ ಜೊತೆಗಿನ ಮಾತಾಗಿಬಿಡುತ್ತದೆ. ಗುಣವಾಗದಿದ್ದಾಗ "ನಾನು ಕಡಿಮೆ ಕೊಟ್ಟೆನಾ" ಎಂಬ ಕೊರಗು ಉಳಿಯುತ್ತದೆ. ಕೊಡಬೇಕೆನಿಸಿದರೆ ಕೊಡಿ. ಷರತ್ತು ಹಾಕದೆ ಕೊಡಿ.

ಹಂತ 5: ಈಗ ಸ್ತೋತ್ರ

ಫಿಲಿಪ್ಪಿ ಊರಿನ ಸಭೆಯವರಿಗೆ ಪೌಲ ಬರೆದ ಪತ್ರಿಕೆಯನ್ನು ಒಂದು ಸಲ ಪೂರ್ತಿ ಓದಿ. ನಾಲ್ಕೇ ಅಧ್ಯಾಯ. ಯಾವುದಕ್ಕೂ ಚಿಂತೆ ಮಾಡಬೇಡಿ, ಕೃತಜ್ಞತೆಯಿಂದ ನಿಮ್ಮ ಬೇಡಿಕೆಗಳನ್ನು ದೇವರಿಗೆ ತಿಳಿಸಿ ಎಂಬ ಮಾತು ಇರುವುದು ಅಲ್ಲಿ, 4ನೇ ಅಧ್ಯಾಯದ 6ನೇ ವಚನದಲ್ಲಿ. ಬರೆದವನು ಬೇಡಿಗಳಲ್ಲಿದ್ದ. ಬದುಕುತ್ತೇನೋ ಸಾಯುತ್ತೇನೋ ಅವನಿಗೇ ಗೊತ್ತಿರಲಿಲ್ಲ. ಅವನು ಯಾವುದಕ್ಕೆ ಸ್ತೋತ್ರ ಹೇಳಿದ ಅಂತ ಹುಡುಕುತ್ತಾ ಓದಿ. ಫಿಲಿಪ್ಪಿಯ ಜನರನ್ನು ನೆನೆಸಿಕೊಂಡಾಗಲೆಲ್ಲ ಸ್ತೋತ್ರ ಅನ್ನುತ್ತಾನೆ. ಅವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ಸಹಾಯ ಮುಟ್ಟಿತು ಅನ್ನುತ್ತಾನೆ. ಆ ಎಪಫ್ರೊದೀತ ಕಾಯಿಲೆಯಿಂದ ಸಾಯುವ ಹಾಗಾಗಿ ಬದುಕಿಕೊಂಡ, ನನಗೆ ದುಃಖದ ಮೇಲೆ ದುಃಖ ಬರದ ಹಾಗೆ ದೇವರು ಕರುಣಿಸಿದರು ಅನ್ನುತ್ತಾನೆ.

ನೋಡಿದಿರಾ? ಒಬ್ಬ ಗೆಳೆಯ, ಕೈಗೆ ಸೇರಿದ ಸಹಾಯ, ತಪ್ಪಿದ ಒಂದು ಸಾವು. ಎಲ್ಲಕ್ಕೂ ಹೆಸರಿದೆ. "ದುಃಖದ ಮೇಲೆ ದುಃಖ" ಅನ್ನುವಾಗ ಮೊದಲ ದುಃಖ ಇದೆ ಅಂತಲೂ ಒಪ್ಪಿಕೊಂಡಿದ್ದಾನೆ. ಇಷ್ಟು ಪ್ರಾಮಾಣಿಕ ಸ್ತೋತ್ರವನ್ನು ಕಲಿತರೆ ಸಾಕು.

ಮಾಡುವ ಬಗೆ ಹೀಗೆ.

ಮೊದಲು ಇವತ್ತು ಬೆಳಗಿನಿಂದ ಈಗಿನವರೆಗೆ ನಡೆದದ್ದನ್ನು ನೆನಪಿಗೆ ತನ್ನಿ. ನಿಧಾನವಾಗಿ. ಎದ್ದದ್ದು, ಬಸ್ಸು ಹತ್ತಿದ್ದು, ಆಸ್ಪತ್ರೆ, ಊಟ, ಫೋನ್ ಕರೆ. ಅದರಲ್ಲಿ ಮೂರು ವಿಷಯ ಆರಿಸಿ, ಬರೆಯಿರಿ. ಒಂದು ನಿಯಮ ಇದೆ: ಯಾರು, ಏನು, ಎಷ್ಟು ಹೊತ್ತಿಗೆ ಅಂತ ಹೇಳಲಾಗದ್ದನ್ನು ಬರೆಯಬೇಡಿ. "ಎಲ್ಲಾ ಆಶೀರ್ವಾದಗಳಿಗಾಗಿ ಸ್ತೋತ್ರ" ಅಂತ ಬರೆದರೆ ಹೊಡೆದುಹಾಕಿ. "ನೈಟ್ ಡ್ಯೂಟಿ ನರ್ಸ್ ಎರಡನೇ ಸಲ ಚುಚ್ಚದ ಹಾಗೆ ಒಂದೇ ಸಲಕ್ಕೆ ನರ ಹಿಡಿದರು. ಅವರಿಗಾಗಿ ಸ್ತೋತ್ರ" ಅಂತ ಬರೆಯಿರಿ. "ಪಕ್ಕದ ಕುರ್ಚಿಯ ಅಜ್ಜಿ ಚಪಾತಿ ಕೊಟ್ಟರು." "ಅಪ್ಪ ಇವತ್ತು ನನ್ನ ಹೆಸರು ಹಿಡಿದು ಕರೆದರು."

ನಿನ್ನೆಯ "ಇವತ್ತಿನ ಬೇಡಿಕೆ" ಏನಾಯಿತು ನೋಡಿ. ಆಗಿದ್ದರೆ ಅದರ ಎದುರು ಗುರುತು ಹಾಕಿ ಸ್ತೋತ್ರ ಹೇಳಿ. ಯೇಸು ಗುಣಪಡಿಸಿದ ಹತ್ತು ಜನ ಕುಷ್ಠರೋಗಿಗಳಲ್ಲಿ ಸ್ತೋತ್ರ ಹೇಳಲು ತಿರುಗಿ ಬಂದವನು ಒಬ್ಬನೇ. ಮಿಕ್ಕವರು ಕೆಟ್ಟವರಾಗಿರಲಿಕ್ಕಿಲ್ಲ, ಸುಮ್ನೆ ಮುಂದೆ ಹೋಗಿಬಿಟ್ಟರು. ನೋಟ್‌ಬುಕ್ ಇರುವುದು ತಿರುಗಿ ಬರುವುದಕ್ಕೆ.

ಆಮೇಲೆ ಹಳೆಯದೊಂದನ್ನು ನೆನಪಿಸಿಕೊಳ್ಳಿ. 77ನೇ ಕೀರ್ತನೆಯವನು ರಾತ್ರಿ ನಿದ್ದೆ ಬಾರದೆ, ದೇವರು ಕರುಣೆ ತೋರುವುದನ್ನೇ ಮರೆತುಬಿಟ್ಟರೋ ಅಂತ ಕೇಳುತ್ತಾನೆ. ಆಮೇಲೆ ಹಿಂದೆ ನಡೆದದ್ದನ್ನು ಒಂದೊಂದಾಗಿ ನೆನೆಯಲು ತೊಡಗುತ್ತಾನೆ. ನಿಮ್ಮ ಬದುಕಿನಲ್ಲೂ ಹಾಗೆ ದಾಟಿಸಿದ ದಿನ ಇರುತ್ತದೆ. ಹಿಂದೊಮ್ಮೆ ಫೀಸು ಕಟ್ಟಲು ದುಡ್ಡಿಲ್ಲದಾಗ ಸಿಕ್ಕ ಸಹಾಯ, ಒಂದು ಹೆರಿಗೆ, ಒಂದು ಅಪಘಾತದಿಂದ ಉಳಿದದ್ದು. ಒಂದೇ ಸಾಕು.

ಏನೂ ಹೊಳೆಯದ ದಿನ 136ನೇ ಕೀರ್ತನೆ ತೆಗೆಯಿರಿ. 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಎಂಬ ಪಲ್ಲವಿ. ನಿಮ್ಮ ದಿನದ ಸಂಗತಿಗಳನ್ನೂ ಹಾಗೇ ಹೇಳಿ, ಪ್ರತಿ ಸಾಲಿಗೂ ಪಲ್ಲವಿ ಸೇರಿಸಿ. ಮಕ್ಕಳ ಜೊತೆ ಮಾಡಿದರೆ ಇನ್ನೂ ಚೆನ್ನ. ದೊಡ್ಡವರಿಗೆ ಕಾಣದ್ದು ಅವರಿಗೆ ಕಾಣುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಕಾಯಿಲೆಗೇ ಸ್ತೋತ್ರ ಹೇಳಬೇಕಾ? ಬೇಡ. ಎಲ್ಲಾ ಸ್ಥಿತಿಯಲ್ಲೂ ಸ್ತೋತ್ರ ಮಾಡಿ ಅಂತ ಪೌಲ ಥೆಸಲೋನಿಕದವರಿಗೆ ಬರೆದದ್ದನ್ನು ಹಿಡಿದು, ಮಗು ತೀರಿಕೊಂಡ ತಾಯಿಗೆ "ಸ್ತೋತ್ರ ಹೇಳಮ್ಮ" ಅನ್ನುವವರನ್ನು ಕಂಡರೆ ನನಗೆ ತುಂಬಾ ನೋವಾಗುತ್ತದೆ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಗೆ ಹೋಗುವಾಗ ಯೇಸು ಅತ್ತರು. ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ಕೆಟ್ಟದ್ದನ್ನು ಕೆಟ್ಟದ್ದು ಅಂತಲೇ ಕರೆಯಿರಿ. ಅದರ ನಡುವೆಯೂ ದೇವರು ಕೊಡುತ್ತಿರುವುದನ್ನು ಕಾಣುವುದೇ ಈ ಹಂತದ ಕೆಲಸ.

ಇನ್ನೊಂದು ತಪ್ಪು, ಸ್ತೋತ್ರವನ್ನು ಮಾತ್ರೆಯ ಹಾಗೆ ನುಂಗುವುದು. ನೂರು ಸಲ ಸ್ತೋತ್ರ ಹೇಳಿದರೆ ಕಷ್ಟ ಹೋಗುತ್ತದೆ ಅಂತ ಎಣಿಸುವುದು. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ, ಸೀಲ ಏಟು ತಿಂದ ಮೈಯಲ್ಲಿ ಮಧ್ಯರಾತ್ರಿ ಹಾಡಿದರು, ಭೂಕಂಪವಾಗಿ ಬಾಗಿಲು ತೆರೆಯಿತು. ನಿಜ. ಆದರೆ ಬಾಗಿಲು ತೆರೆಯಲಿ ಅಂತ ಹಾಡಲಿಲ್ಲ. ತೆರೆದ ಮೇಲೂ ಓಡಿಹೋಗಲಿಲ್ಲ.

ಹಂತ 6: ಒಪ್ಪಿಸಿಬಿಡಿ

ಭರವಸೆ ಅಂದರೆ ಫಲಿತಾಂಶ ನನಗೆ ಗೊತ್ತಿದೆ ಅನ್ನುವುದಲ್ಲ. "ಗುಣವಾಗಿಯೇ ಆಗುತ್ತದೆ ಅಂತ ಘೋಷಿಸು, ಸಂಶಯಪಟ್ಟರೆ ಆಗಲ್ಲ" ಅಂತ ಒತ್ತಾಯಿಸುವವರಿದ್ದಾರೆ. ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರು ಯುವಕರು ಹೇಳಿದ್ದು ಬೇರೆ. ನಮ್ಮ ದೇವರು ಬಿಡಿಸಬಲ್ಲರು, ಬಿಡಿಸದಿದ್ದರೂ ನಾವು ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಅಂತ ರಾಜನಿಗೆ ಅಂದರು. ದಾನಿಯೇಲನ ಪುಸ್ತಕದ 3ನೇ ಅಧ್ಯಾಯ. "ಬಿಡಿಸದಿದ್ದರೂ" ಎಂಬ ಮಾತಿಗೆ ಜಾಗ ಇಲ್ಲದ ನಂಬಿಕೆ ಮೊದಲ ಕೆಟ್ಟ ಸ್ಕ್ಯಾನ್ ರಿಪೋರ್ಟಿಗೇ ಮುರಿದುಬೀಳುತ್ತದೆ.

ಕೈಗಳನ್ನು ಬಿಚ್ಚಿ ತೊಡೆಯ ಮೇಲೆ ಇಡಿ. ಹಂತ 4ರ ಬೇಡಿಕೆಯನ್ನು ಇನ್ನೊಮ್ಮೆ ಓದಿ. "ಇದನ್ನು ನಿನ್ನ ಕೈಗೆ ಕೊಟ್ಟಿದ್ದೇನೆ. ಇವತ್ತು ರಾತ್ರಿ ನೀನು ನೋಡಿಕೋ" ಅಂತ ಹೇಳಿ. ಇವತ್ತು ರಾತ್ರಿಗೆ ಮಾತ್ರ ಒಪ್ಪಿಸಿ. ಜೀವಮಾನಕ್ಕೆಲ್ಲ ಒಪ್ಪಿಸಲು ಹೋದರೆ ಮನಸ್ಸು ಹೆದರಿ ಹಿಂದೆ ಸರಿಯುತ್ತದೆ. ನಾಳೆಯ ಚಿಂತೆ ನಾಳೆಗೆ ಅಂತ ಯೇಸು ಹೇಳಿದ್ದಾರೆ, ಅಲ್ವಾ?

ನಂಬಿಕೆ ಅರ್ಧವೇ ಇದ್ದರೆ? ಅರ್ಧವನ್ನೇ ತನ್ನಿ. ಮಗನ ಕಾಯಿಲೆಗೆ ಯೇಸುವಿನ ಹತ್ತಿರ ಬಂದ ತಂದೆ "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತ ಕೂಗಿದ. ಆ ಮಾತಿಗೆ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಮಗನನ್ನು ಗುಣಪಡಿಸಿದರು.

ಸರಿಯಾಗಿ ಒಪ್ಪಿಸಿದ್ದೇನೆ ಅಂತ ಗೊತ್ತಾಗುವುದು ಹೇಗೆ? ಹನ್ನಳನ್ನು ನೋಡಿ. ಮಕ್ಕಳಿಲ್ಲದ ಸಂಕಟದಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತಾ ಪ್ರಾರ್ಥಿಸಿದಳು. ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡ. ಮನಸ್ಸು ಬರಿದಾಗುವಷ್ಟು ಹೇಳಿಕೊಂಡು ಎದ್ದುಹೋಗಿ ಊಟ ಮಾಡಿದಳು, ಮುಖದಲ್ಲಿ ದುಃಖ ಉಳಿಯಲಿಲ್ಲ. ಆಗ ಅವಳಿನ್ನೂ ಗರ್ಭಿಣಿಯಾಗಿರಲಿಲ್ಲ. ಏನೂ ಬದಲಾಗದಿದ್ದರೂ ಊಟ ಸೇರಿತು. ನಿಮಗೂ ಇಂಥ ಸಣ್ಣ ಗುರುತುಗಳೇ ಕಾಣಿಸುತ್ತವೆ: ರಾತ್ರಿ ಒಂದು ತಾಸು ಜಾಸ್ತಿ ನಿದ್ದೆ, ಡಾಕ್ಟರ್ ಹೇಳಿದ್ದು ಪೂರ್ತಿ ಕೇಳಿಸುವುದು. ಎದೆ ತುಂಬಿ ಬರುವ ಆನಂದಕ್ಕೆ ಕಾಯಬೇಡಿ. ಬಂದರೆ ಸಂತೋಷ.

ಹಂತ 7: ಎದ್ದು ಒಂದು ಕೆಲಸ ಮಾಡಿ

ಪ್ರಾರ್ಥನೆ ಮುಗಿದ ಕೂಡಲೇ ಐದು ನಿಮಿಷದ ಒಂದು ಕೆಲಸ. ಸ್ತೋತ್ರದಲ್ಲಿ ಹೆಸರು ಬಂದವರಿಗೆ ಹೋಗಿ ಥ್ಯಾಂಕ್ಸ್ ಹೇಳಿ. ವಿಮೆಯ ಫಾರಂ ತುಂಬಿಸಿ. ಅಣ್ಣನಿಗೆ ಫೋನ್ ಮಾಡಿ. ಪ್ರಾರ್ಥಿಸಿ ಸುಮ್ಮನೆ ಕೂತರೆ ಹಳೆಯ ಭಯ ಅದೇ ಕುರ್ಚಿಗೆ ವಾಪಸ್ ಬರುತ್ತದೆ.

ಒಂದು ಸಂಜೆಯ ಪ್ರಾರ್ಥನೆ, ಮಾದರಿಗೆ

ಇದನ್ನು ಹಾಗೇ ಓದಬಹುದು. ನಿಮ್ಮ ಹೆಸರು, ನಿಮ್ಮ ಸಂಗತಿ ಹಾಕಿಕೊಂಡರೆ ಇನ್ನೂ ಒಳ್ಳೆಯದು.

"ತಂದೆಯೇ, ಬಂದಿದ್ದೇನೆ. ಸುಸ್ತಾಗಿದೆ. ಅಪ್ಪ ಇವತ್ತು ವಾಂತಿ ಮಾಡಿಕೊಂಡರು, ನನಗೆ ಅವರ ಮೇಲೇ ರೇಗಿತು, ಆಮೇಲೆ ನಾಚಿಕೆಯಾಯಿತು. ನೀನು ಎಲ್ಲಿದ್ದಿ ಅಂತ ಗೊತ್ತಾಗುತ್ತಿಲ್ಲ. ಅಪ್ಪನನ್ನು ಗುಣಪಡಿಸು. ನಾಳೆ ಮುಂಗಡ ಕಟ್ಟಬೇಕು, ದಾರಿ ತೋರಿಸು. ಬೆಳಗ್ಗೆ ಆಟೋದವರು ವೀಲ್‌ಚೇರ್ ಇಳಿಸಲು ಕೈಕೊಟ್ಟರು, ಅವರಿಗಾಗಿ ಸ್ತೋತ್ರ. ಅಮ್ಮ ಮಧ್ಯಾಹ್ನ ಸ್ವಲ್ಪ ನಿದ್ದೆ ಮಾಡಿದರು, ಸ್ತೋತ್ರ. ನಿನ್ನೆ ಕೇಳಿದ ಹಾಗೆ ಜ್ವರ ಬರಲಿಲ್ಲ, ಸ್ತೋತ್ರ. ಇವತ್ತು ರಾತ್ರಿ ಅಪ್ಪನನ್ನು ನಿನ್ನ ಕೈಗೆ ಕೊಡುತ್ತಿದ್ದೇನೆ. ನಿನ್ನ ಚಿತ್ತ ನಡೆಯಲಿ, ಅದನ್ನು ತಾಳುವ ಬಲ ಕೊಡು. ಯೇಸುವಿನ ಹೆಸರಿನಲ್ಲಿ, ಆಮೆನ್."

ಗಟ್ಟಿಯಾಗಿ ಓದಿದರೂ ಎರಡು ನಿಮಿಷ ಹಿಡಿಯುವುದಿಲ್ಲ.

ಮಾತೇ ಬಾರದ ದಿನಗಳು

ಬರುತ್ತವೆ. ಆ ದಿನ ಏಳು ಹಂತ ಮಾಡಲು ಹೋಗಬೇಡಿ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿದೆ. ಉಸಿರು ಬಿಡುತ್ತಾ ಸುಮ್ಮನೆ ಕೂತರೂ ಅದು ಪ್ರಾರ್ಥನೆಯೇ.

ಆಗ ಬೇರೆಯವರ ಮಾತು ಸಾಲ ತೆಗೆದುಕೊಳ್ಳಿ. ಯೇಸು ಕಲಿಸಿದ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಕರ್ತನ ಪ್ರಾರ್ಥನೆ ಒಂದು ಸಲ, ನಿಧಾನವಾಗಿ. ಕಥೋಲಿಕರಿಗೆ ಜಪಸರ ಇದೆ. ಅದರ ಮಣಿ ಉರುಳಿಸುವುದು ಕೈಗೆ ಗೊತ್ತು, ಮನಸ್ಸು ಹಿಂದೆಯಿಂದ ಬರುತ್ತದೆ. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಕಲಿತ ಹಾಡೊಂದನ್ನು ಗುನುಗಿ. ತೀರಾ ಕತ್ತಲೆಯ ದಿನಕ್ಕೆ 88ನೇ ಕೀರ್ತನೆ ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲೂ ಸ್ತೋತ್ರ ಇಲ್ಲ. ಆದರೂ ಅದು ಸತ್ಯವೇದದಲ್ಲಿದೆ. ಅಂಥ ಪ್ರಾರ್ಥನೆಗೂ ದೇವರ ಮುಂದೆ ಜಾಗ ಇದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮುಂಚೆ ಹೇಳಿಟ್ಟ ಆ ಒಬ್ಬ ಮನುಷ್ಯನಿಗೆ ಒಂದು ಸಂದೇಶ ಕಳಿಸಿ: "ಇವತ್ತು ನನ್ನಿಂದ ಆಗುತ್ತಿಲ್ಲ, ನೀವು ಪ್ರಾರ್ಥಿಸಿ." ಯುದ್ಧ ನಡೆಯುವಾಗ ಮೋಶೆ ಕೈ ಎತ್ತಿ ನಿಂತಿದ್ದ. ಅವನ ಕೈ ಸೋತಾಗ ಆರೋನ, ಹೂರ ಎರಡೂ ಕಡೆ ನಿಂತು ಎತ್ತಿಹಿಡಿದರು.

ಸಮಾಧಾನ ಬಂದ ಮೇಲೆ ಮತ್ತೆ ಕುಸಿದರೆ ಹೆದರಬೇಡಿ. ಪ್ರಲಾಪಗಳು ಪುಸ್ತಕದಲ್ಲಿ ದೇವರ ಕರುಣೆ ದಿನ ದಿನ ಹೊಸದು ಎಂಬ ಮಾತು ನಟ್ಟನಡುವೆ, 3ನೇ ಅಧ್ಯಾಯದಲ್ಲಿ ಬರುತ್ತದೆ. 4ನೇ, 5ನೇ ಅಧ್ಯಾಯದಲ್ಲಿ ಗೋಳು ವಾಪಸ್ ಬರುತ್ತದೆ. ಮೂರನೇ ಅಧ್ಯಾಯ ಅದರಿಂದ ಸುಳ್ಳಾಗುವುದಿಲ್ಲ.

ಬೇರೆಯವರ ಕಷ್ಟದಲ್ಲಿ ಪ್ರಾರ್ಥಿಸುವಾಗ

ರೋಗಿಯ ಹತ್ತಿರ ಹೋದರೆ ಮೊದಲು ಕೇಳಿ: "ಪ್ರಾರ್ಥಿಸಲಾ? ಏನಂತ ಪ್ರಾರ್ಥಿಸಲಿ?" ಅವರು ಹೇಳಿದ್ದನ್ನೇ ಪ್ರಾರ್ಥಿಸಿ, ಎರಡು ನಿಮಿಷದಲ್ಲಿ ಮುಗಿಸಿ. ಹಾಸಿಗೆಯ ಪಕ್ಕ ಪ್ರಸಂಗ ಮಾಡಬೇಡಿ. ಯೋಬನ ಸ್ನೇಹಿತರು ಮೊದಲ ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೇ.

ಅವರ ಪರವಾಗಿ ನೀವು ಸ್ತೋತ್ರ ಹೇಳಬೇಡಿ. ಅದನ್ನು ಅವರೇ, ಅವರ ಹೊತ್ತಿಗೆ ಹೇಳಬೇಕು. ಅವರ ಕಾಯಿಲೆಯ ವಿವರ, ಫೋಟೋ ಇವನ್ನು ಪ್ರಾರ್ಥನಾ ಗುಂಪಿಗೆ ಕಳಿಸುವ ಮೊದಲು ಅನುಮತಿ ಕೇಳಿ.

ಎಚ್ಚರಿಕೆಯ ಗುರುತುಗಳು

ಇವು ಕಂಡರೆ ಹಂತಗಳನ್ನು ಪಕ್ಕಕ್ಕಿಟ್ಟು ಸಹಾಯ ತೆಗೆದುಕೊಳ್ಳಿ.

ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ ಕೆಟ್ಟಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಡಾಕ್ಟರನ್ನು ನೋಡಿ. ಸಾಯಬೇಕು ಅನ್ನಿಸುತ್ತಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆಗೆ ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತಲ್ಲ.

"ಔಷಧಿ ನಿಲ್ಲಿಸು, ಪ್ರಾರ್ಥನೆ ಸಾಕು" ಅಂತ ಯಾರು ಹೇಳಿದರೂ, ಎಷ್ಟು ದೊಡ್ಡ ದೇವಸೇವಕರಾಗಿದ್ದರೂ, ಕೇಳಬೇಡಿ. ಡಯಾಲಿಸಿಸ್ ತಪ್ಪಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಯಾಕೋಬ ಬರೆದಿದ್ದಾನೆ. ಚಿಕಿತ್ಸೆ ಬಿಡಿ ಅಂತ ಎಲ್ಲೂ ಬರೆದಿಲ್ಲ. ಗುಣವಾಗಲು ಇಷ್ಟು ಹಣ ಬಿತ್ತಿ ಅಂತ ಕೇಳುವವರಿಂದಲೂ ದೂರ ಇರಿ.

ಮನೆಯಲ್ಲಿ ಹೊಡೆತ, ಹಿಂಸೆ ನಡೆಯುತ್ತಿದ್ದರೆ "ಸ್ತೋತ್ರ ಮಾಡಿ ತಾಳಿಕೋ" ಎಂಬ ಸಲಹೆ ತಪ್ಪು. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ತುರ್ತಿಗೆ 112, ಮಹಿಳೆಯರಿಗೆ 181 ಇದೆ.

ಉತ್ತರ ಬಂದ ಮೇಲೆ

ಕೇಳಿದ್ದು ಸಿಕ್ಕರೆ ಅದೇ ದಿನ ನೋಟ್‌ಬುಕ್ಕಿನಲ್ಲಿ ಬರೆದು, ಜೊತೆಗೆ ಪ್ರಾರ್ಥಿಸಿದವರಿಗೆ ಹೋಗಿ ತಿಳಿಸಿ. ಸಭೆಯಲ್ಲಿ ಸಾಕ್ಷಿ, ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ, ಹೇಳುವುದಾದರೆ ಕಷ್ಟದ ಭಾಗವನ್ನೂ ಹೇಳಿ, ಡಾಕ್ಟರ್, ನರ್ಸುಗಳನ್ನೂ ನೆನೆಯಿರಿ. ಅದೇ ವಾರ್ಡಿನಲ್ಲಿ ಅದೇ ಪ್ರಾರ್ಥನೆ ಮಾಡಿ ಕಳೆದುಕೊಂಡವರು ಹಿಂದಿನ ಬೆಂಚಿನಲ್ಲಿ ಕೂತಿರಬಹುದು ಅನ್ನುವುದು ಗಮನದಲ್ಲಿರಲಿ.

ಕೇಳಿದ್ದು ಸಿಗದಿದ್ದರೆ ಹಂತ 1ಕ್ಕೆ ವಾಪಸ್ ಬನ್ನಿ. ಊಟ, ನಿದ್ದೆ. ಆಮೇಲೆ ಹಂತ 3, ಎಷ್ಟು ವಾರ ಬೇಕೋ ಅಷ್ಟು ವಾರ. ಈ ಹೊತ್ತಿನಲ್ಲಿ ಹಂತ 5ಕ್ಕೆ ಅವಸರ ಬೇಡ. ಮುಂದೆ ಎಂದೋ ಒಂದು ದಿನ ಆ ಹಳೆಯ ಪುಟಗಳನ್ನು ತಿರುವಿದಾಗ ನರ್ಸಿನ ಹೆಸರು, ಅಜ್ಜಿಯ ಚಪಾತಿ ಕಂಡರೆ ಆಗ ಸ್ತೋತ್ರ ತಾನಾಗಿ ಬರಬಹುದು. ಬಾರದಿದ್ದರೆ ಪುಸ್ತಕ ಮುಚ್ಚಿಡಿ, ಇನ್ನೊಂದು ದಿನ ತೆಗೆಯಿರಿ. ಅಲ್ಲಿಯವರೆಗೆ ಯಾರಾದರೂ ಸಾಕ್ಷಿ ಹೇಳಿ ಅಂತ ಕರೆದರೆ "ಈಗ ಆಗಲ್ಲ" ಅನ್ನಿ. ಕಾರಣ ಕೊಡಬೇಕಾಗಿಲ್ಲ.